ಅಂದಾಜು ತಪ್ಪಿದ ರಸ್ತೆ

ನಿಪ್ಪಾಣಿಯಿಂದ ಅಥಣಿಯವರೆಗಿನ ಸೀಮೆಯಲ್ಲಿ ಕಾರಿನ ಹುಚ್ಚು ಹತ್ತಿದವರು ನಾಲ್ಕು ಮಂದಿ ಕೂಡಿದರೆ ಮಾತು ಈಗ ಬೇರೆ ದಿಕ್ಕು ಹಿಡಿಯುತ್ತದೆ. ಯಾವ ಗಾಡಿಯ ಪಿಕಪ್ ಹೇಗೆ, ತವಂದಿ ಘಾಟಿನ ಏರನ್ನು ಯಾವ ಗೇರಿನಲ್ಲಿ ಹತ್ತಿಸಬೇಕು ಎಂಬ ವಾದಗಳೆಲ್ಲ ಹಿಂದಾದವು. ಈಗ ಮೊದಲು ಕೇಳುವುದು, ‘ಯಾವ ದಾರೀಲೆ ಬಂದ್ರಿ? ಕಬ್ಬಿನ ಗಾಡಿ ಭಾಳ ಇದ್ದುವೇನ್ರಿ?’ ಎಂದು. ಕೆಎ–23 ಫಲಕದ ಕಾರುಗಳು ಹಿಂದೆಂದಿಗಿಂತ ಗಟ್ಟಿಯಾಗಿವೆ, ತಂಪಾಗಿವೆ, ಬಲವಾಗಿವೆ. ಆದರೂ ಚಿಕ್ಕೋಡಿಯ ಕೋರ್ಟಿಗೋ ಕಾಗವಾಡದ ಕಚೇರಿಗೋ ದಿನಾ ಹೋಗಿ ಬರುವವರಿಗೆ ಸ್ಟೀರಿಂಗ್ ಹಿಡಿಯುವುದೇ ದಣಿವಿನ ಕೆಲಸವಾಗಿದೆ. ಅದೇ ಮನುಷ್ಯ ರವಿವಾರ ನಸುಕಿನಲ್ಲಿ ಎದ್ದು, ರಾಧಾನಗರಿ ದಾಟಿ ಫೋಂಡಾ ಘಾಟಿನ ತಿರುವುಗಳಲ್ಲಿ ಗಾಡಿ ಓಡಿಸಿ ಹುರುಪಿನಿಂದ ಮರಳುತ್ತಾನೆ. ಓಡಿಸುವ ಆಸೆ ಸತ್ತಿಲ್ಲ. ಅದು ವಾರದ ಒಂದು ದಿನಕ್ಕೆ, ಊರ ಹೊರಗಿನ ರಸ್ತೆಗೆ ಸರಿದುಹೋಗಿದೆ.

ಯಾಕೆ ಹೀಗಾಯಿತು ಎಂದರೆ ಹೆಚ್ಚಿನವರು ದೂರುವುದು ಕಾರನ್ನೇ. ಆ ದೂರಿನಲ್ಲಿ ಹುರುಳಿದೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ಕ್ಕೆ 796 ಸಿಸಿ ಎಂಜಿನ್, ತೂಕ ಏಳು ಕ್ವಿಂಟಲಿನ ಒಳಗೆ. ಹತ್ತು ವರ್ಷದ ಮೇಲೆ ಬಂದ ಝೆನ್ ಕೂಡ ಹಗುರದ್ದೇ. ಆ ಗಾಡಿಗಳಲ್ಲಿ ಗಂಟೆಗೆ ಅರವತ್ತು ಕಿಲೋಮೀಟರ್ ವೇಗವೇ ಮೈಗೆ ತಾಗುತ್ತಿತ್ತು. ಡಾಂಬರಿನ ಏರುತಗ್ಗು ಅಂಗೈಗೆ ತಿಳಿಯುತ್ತಿತ್ತು. ಗೇರು ಬದಲಿಸುವ ಹೊತ್ತು ತಪ್ಪಿದರೆ ಎಂಜಿನ್ ಏದುಸಿರು ಬಿಡುತ್ತಿತ್ತು. ಈಗ ಈ ಭಾಗದ ಅಂಗಳಗಳಲ್ಲಿ ನಿಲ್ಲುವ ಸ್ಕಾರ್ಪಿಯೊ–ಎನ್, ಎಕ್ಸ್‌ಯುವಿ700ಗಳ ಪೆಟ್ರೋಲ್ ಎಂಜಿನ್ನಿಗೆ ಇನ್ನೂರು ಅಶ್ವಶಕ್ತಿ, ಮೈತೂಕ ಎರಡು ಟನ್ನಿನ ಹತ್ತಿರ. ಅರವತ್ತರಲ್ಲಿ ಅವುಗಳೊಳಗೆ ಕೂತವರಿಗೆ ಏನೂ ಅನ್ನಿಸುವುದಿಲ್ಲ. ಅವುಗಳ ಖದರು ಕಾಣುವುದು ನೂರರ ಮೇಲೆ. 2018ರ ಕೇಂದ್ರ ಅಧಿಸೂಚನೆ ವಿಭಜಕವಿರುವ ಚತುಷ್ಪಥ ರಸ್ತೆಯಲ್ಲೇ ಕಾರಿಗೆ ಹಾಕಿದ ಮಿತಿ ಗಂಟೆಗೆ 100 ಕಿಲೋಮೀಟರ್. ಚಿಕ್ಕೋಡಿ–ರಾಯಬಾಗ ರಸ್ತೆಯಲ್ಲಿ ಆ ವೇಗದ ಮಾತೇ ಬೇಡ. ಹೀಗೆ ಶಕ್ತಿ ಕೊಂಡವನಿಗೆ ಅದನ್ನು ಬಳಸುವ ಜಾಗವಿಲ್ಲ. ಜಪಾನಿನ ಮಾಜ್ದಾ ಕಂಪನಿ 1989ರಲ್ಲಿ ಎಂಎಕ್ಸ್–5 ಎಂಬ ಎರಡು ಸೀಟಿನ ಪುಟ್ಟ ಕಾರು ತಂದಾಗ ಶಕ್ತಿಗಿಂತ ಹಗುರತೆಗೆ ಒತ್ತು ಕೊಟ್ಟಿತ್ತು. ಕುದುರೆಯೂ ಸವಾರನೂ ಒಂದಾಗಿರಬೇಕು ಎಂಬುದು ಅದರ ವಿನ್ಯಾಸಕಾರರ ಆಶಯ. ಹತ್ತು ಲಕ್ಷಕ್ಕೂ ಹೆಚ್ಚು ಜನ ಅದನ್ನು ಕೊಂಡರು.

ಆದರೆ ಕಾರಿನದೇ ತಪ್ಪು ಎನ್ನುವವರು ಒಂದು ಸಂಗತಿ ಗಮನಿಸಬೇಕು. ಹಳೆಯ ಝೆನ್, ಜಿಪ್ಸಿ, ಮಹೀಂದ್ರಾ ಜೀಪುಗಳನ್ನು ಮಕ್ಕಳಂತೆ ಜೋಪಾನ ಮಾಡಿದವರು ಇಲ್ಲಿ ಇನ್ನೂ ಇದ್ದಾರೆ. ಸುಖ ಹೋದದ್ದು ಹೊಸ ಗಾಡಿಯ ಭಾರದಿಂದಲೇ ಆಗಿದ್ದರೆ ಈ ಹಳೆಯ ಹಗುರ ಗಾಡಿಯವರಾದರೂ ಸೋಮವಾರ, ಮಂಗಳವಾರ ಖುಷಿಯಿಂದ ಓಡಿಸಬೇಕಿತ್ತು. ಅವರ ಗಾಡಿಗಳೂ ವಾರವೆಲ್ಲ ಶೆಡ್ಡಿನಲ್ಲೇ ಇರುತ್ತವೆ.

ಎರಡನೆಯ ದೂರು ಪೆಟ್ರೋಲಿನದು. ದೇಶದ ಬಂಕುಗಳಲ್ಲಿ 2025ರ ಹೊತ್ತಿಗೆ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಬಂದಿತು. 2030ಕ್ಕೆ ಎಂದು ಇಟ್ಟುಕೊಂಡಿದ್ದ ಗುರಿ ಐದು ವರ್ಷ ಮುಂಚೆಯೇ ಕೈಗೂಡಿತು. ಈ ವಿಷಯ ಇಲ್ಲಿನವರಿಗೆ ತೀರ ಹತ್ತಿರದ್ದು. ಉಗಾರದಲ್ಲಿ 1930ರ ದಶಕದ ಕೊನೆಯಿಂದ ಸಕ್ಕರೆ ಕಾರ್ಖಾನೆಯಿದೆ. ಈಗ ಈ ಸೀಮೆಯ ತಾಲ್ಲೂಕುಗಳೆಲ್ಲ ಕಬ್ಬಿನ ನಾಡು, ಕಬ್ಬಿನಿಂದ ಎಥನಾಲ್ ಬಟ್ಟಿಯಿಳಿಸುವ ಘಟಕಗಳೂ ಇಲ್ಲಿವೆ. ತನ್ನ ಹೊಲದ ಬೆಳೆಯ ಅಂಶ ತನ್ನದೇ ಕಾರಿನ ಟ್ಯಾಂಕಿಗೆ ಬಂದಿದೆ ಎಂದು ಇಲ್ಲಿನ ಕಾರುಪ್ರಿಯ ಹೇಳಬಹುದು. ಒಂದು ಲೀಟರ್ ಎಥನಾಲಿನಲ್ಲಿರುವ ಶಾಖಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ಈ ಇಂಧನಕ್ಕೆಂದು ಹೊಂದಿಸದ ಹಳೆಯ ಕಾರುಗಳ ಮೈಲೇಜು ಶೇ 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಹಳೆಯ ಗಾಡಿಯ ರಬ್ಬರು ನಳಿಕೆ, ಸೀಲುಗಳ ಚಿಂತೆಯೂ ಸುಳ್ಳಲ್ಲ. ಇದು ಕಿಸೆಯ ನಷ್ಟ, ನ್ಯಾಯವಾದ ತಕರಾರು. ಹಾಗೆಂದು ಇದೇ ಇಂಧನ ಹಾಕಿಸಿಕೊಂಡು ಘಾಟಿಗೆ ಹೋದವನು ರವಿವಾರ ಖುಷಿಯಿಂದಲೇ ಮರಳುತ್ತಾನಲ್ಲ! ವಾರದ ದಿನಗಳ ಬೇಸರಕ್ಕೆ ಬೇರೆ ಕಾರಣ ಹುಡುಕಬೇಕು.

ಓಡಿಸುವುದರಲ್ಲಿ ಸುಖ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯಲು ಈ ಸೀಮೆಯವರು ದೂರ ಹೋಗಬೇಕಿಲ್ಲ. ಜಾತ್ರೆಗಳಲ್ಲಿ ಜೋಡೆತ್ತಿನ ಗಾಡಿಯ ಶರ್ಯತ್ತು, ಕುದುರೆ ಗಾಡಿಯ ಓಟ ನಡೆಯುತ್ತವೆ. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಎತ್ತಿನ ಗಾಡಿ ಶರ್ಯತ್ತುಗಳು ನಿಂತಿದ್ದವು; ರಾಜ್ಯಗಳು ತಂದ ತಿದ್ದುಪಡಿಗಳನ್ನು ಅದೇ ನ್ಯಾಯಾಲಯ 2023ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಅವುಗಳ ಜೊತೆಗೆ ಈಚೆಗೆ ಬೆಳೆದು ಬಂದ ಇನ್ನೊಂದು ಪಂದ್ಯವಿದೆ: ಟ್ರ್ಯಾಲಿ ಕಟ್ಟಿದ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವುದು. ಟ್ರ್ಯಾಲಿ ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಬೇಕು, ಅದು ತಿರುಗತೊಡಗಿದೊಡನೆ ಮರಳಿ ಎಡಕ್ಕೆ ಎಳೆಯಬೇಕು. ಅರೆಗಳಿಗೆ ತಡವಾದರೆ ಕೊಂಡಿಯ ಹತ್ತಿರ ಮಡಚಿಕೊಂಡು ನಿಲ್ಲುತ್ತದೆ. ಗೆಲ್ಲುವವನ ವೇಗ ಕಾರಿನ ಮುಂದೆ ಏನೇನೂ ಅಲ್ಲ. ಆದರೂ ಸುತ್ತ ನಿಂತವರು ಉಸಿರು ಬಿಗಿಹಿಡಿದು ನೋಡುತ್ತಾರೆ. ಮುಂದೆ ಏನಾಗುತ್ತದೆ ಎಂಬ ಅಂದಾಜು, ಆ ಅಂದಾಜಿಗೆ ತಕ್ಕ ಕೈಚಳಕ, ಅದು ಸರಿಯಾಗಿ ಕೂಡಿಬಂದಾಗಿನ ಸಮಾಧಾನ — ಟ್ರ್ಯಾಕ್ಟರಿನಲ್ಲಿ ಆಗಲಿ ಕಾರಿನಲ್ಲಿ ಆಗಲಿ ಓಡಿಸುವ ಸುಖದ ತಿರುಳು ಇಷ್ಟೇ.

ಫೋಂಡಾ ಘಾಟಿನ ತಿರುವು ಕಠಿಣವಾದರೂ ಮೋಸ ಮಾಡುವುದಿಲ್ಲ. ಹೋದ ವಾರ ಇದ್ದಲ್ಲೇ ಈ ವಾರವೂ ಇರುತ್ತದೆ. ಊರ ಸುತ್ತಲಿನ ರಸ್ತೆಯಲ್ಲಿ ಹೋದದ್ದು ಈ ಭರವಸೆ.

ಕಬ್ಬು ನುರಿಯುವ ಹಂಗಾಮನ್ನೇ ತೆಗೆದುಕೊಳ್ಳಬಹುದು. ಅಕ್ಟೋಬರ್, ನವೆಂಬರಿನಲ್ಲಿ ಕಾರ್ಖಾನೆಗಳ ಬಾಯ್ಲರ್ ಹೊತ್ತಿದರೆ ಮಾರ್ಚ್‌ವರೆಗೆ ಹಗಲು ರಾತ್ರಿ ಕಬ್ಬಿನ ಸಾಗಾಟ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರ್ಯಾಲಿ, ಎರಡರಲ್ಲೂ ಕೂಡಿ ಇಪ್ಪತ್ತು ಟನ್ನಿನ ಆಸುಪಾಸು ಕಬ್ಬು, ಅಂಚಿನಾಚೆ ಚಾಚಿದ ಜಲ್ಲೆಗಳು. ಎಷ್ಟೋ ಟ್ರ್ಯಾಲಿಗಳಿಗೆ ಹಿಂದೆ ದೀಪವಿಲ್ಲ. ಇದ್ದ ಪ್ರತಿಫಲಕವೂ ಕೆಸರು, ಸೋಗೆಗಳಲ್ಲಿ ಮುಚ್ಚಿಹೋಗಿರುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಚಾಲಕ ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹೋದರೆ 33 ಮೀಟರ್ ಮುಗಿದಿರುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿಗೂ ನಿಲ್ಲಲು ಮತ್ತೆ 35 ಮೀಟರ್ ಬೇಕು. ಕೂಡಿದರೆ ಎಪ್ಪತ್ತು ಮೀಟರ್ ಸಮೀಪ. ಎದುರಿನಿಂದ ಹೈಬೀಮ್ ಬರುತ್ತಿರುವಾಗ ದೀಪವಿಲ್ಲದ ಟ್ರ್ಯಾಲಿ ಅಷ್ಟು ದೂರದಿಂದ ಕಾಣುವುದಿಲ್ಲ. ಇಲ್ಲಿ ಚಾಲಕನ ನೈಪುಣ್ಯಕ್ಕೆ ಕೆಲಸವಿಲ್ಲ, ಇರುವುದು ಅಂಜಿಕೆ ಮಾತ್ರ. ಅಂಜಿಕೆಯಲ್ಲಿ ಕಳೆದ ಒಂದು ಗಂಟೆಯ ದಾರಿ ಮೂರು ಗಂಟೆಯ ಘಾಟಿಗಿಂತ ಹೆಚ್ಚು ದಣಿಸುತ್ತದೆ.

ಟ್ರ್ಯಾಕ್ಟರಿನವನನ್ನು ಬೈದು ಮುಗಿಸುವಂತೆಯೂ ಇಲ್ಲ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ, ಸಕ್ಕರೆಯ ಅಂಶವೂ ಕಡಿಮೆಯಾಗುತ್ತದೆ; ಒಂದು ದಿನದೊಳಗೆ ಅದು ಗಾಣಕ್ಕೆ ಬೀಳಬೇಕು. ಕಡಿಯುವ ಗ್ಯಾಂಗಿನ ಪಾಳಿ ಬಂದಾಗಲೇ ಕಡಿಸಬೇಕು, ಕಾರ್ಖಾನೆಯ ಮುಂದಿನ ಸಾಲಿನಲ್ಲಿ ತಾಸುಗಟ್ಟಲೆ ಕಾಯಬೇಕು. ರೈತನ ವರ್ಷದ ದುಡಿಮೆ ಆ ಎರಡು ಟ್ರ್ಯಾಲಿಗಳಲ್ಲಿದೆ. ಇಲ್ಲಿನ ಹೆದ್ದಾರಿ ರೈತರ ಪಾಲಿಗೆ ಬರೀ ಸಾಗಾಟದ ದಾರಿಯೂ ಆಗಿರಲಿಲ್ಲ: 1981ರಲ್ಲಿ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ನಿಪ್ಪಾಣಿಯ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕೂತರು, ಏಪ್ರಿಲಿನಲ್ಲಿ ಪೊಲೀಸರ ಗುಂಡಿಗೆ ರೈತರು ಜೀವ ತೆತ್ತರು. ಇಂಥ ನೆಲದಲ್ಲಿ ರಸ್ತೆ ಕಾರಿನವರ ಸ್ವತ್ತು ಎಂಬ ವಾದ ನಿಲ್ಲುವುದಿಲ್ಲ.

ಕಾರಿನವರಿಗೆ ಅತಿ ಹೆಚ್ಚು ಸಿಟ್ಟು ಬರಿಸುವ ರಸ್ತೆಯುಬ್ಬುಗಳ ಕತೆಯೂ ಇಲ್ಲಿಗೇ ಬಂದು ಸೇರುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಆಗ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಮೈ ಕುಲುಕದೆ ದಾಟಬಹುದು. ಹಳ್ಳಿಗಳ ಮುಂದೆ ಇರುವವು ಮೊಣಕಾಲೆತ್ತರದ ಇಕ್ಕಟ್ಟಾದ ದಿಬ್ಬಗಳು, ಬಣ್ಣವಿಲ್ಲ, ಫಲಕವಿಲ್ಲ. ಆದರೆ ಅವನ್ನು ಯಾರು, ಯಾವಾಗ ಹಾಕಿಸಿದರು ಎಂದು ವಿಚಾರಿಸಿದರೆ ಉತ್ತರ ಬಹುತೇಕ ಒಂದೇ. ಶಾಲೆಯಿಂದ ಬರುತ್ತಿದ್ದ ಮಗುವೋ ಹೊಲಕ್ಕೆ ಹೊರಟ ಮುದುಕನೋ ಗಾಡಿಗೆ ಸಿಕ್ಕಿರುತ್ತಾರೆ, ಊರವರು ರಸ್ತೆ ತಡೆದಿರುತ್ತಾರೆ, ಮರುದಿನ ಉಬ್ಬು ಎದ್ದಿರುತ್ತದೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಕರ್ನಾಟಕದ ಪಾಲು 11,702. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ ಹೆಚ್ಚಿನ ಸಾವುಗಳಿಗೆ ಕಾರಣ ಅತಿವೇಗ. ಊರ ಮುಂದೆ ವೇಗ ತಗ್ಗಿಸುತ್ತಾರೆಂದು ಕಾರಿನವರನ್ನು ನಂಬಲಾಗದ ಹಳ್ಳಿ ಉಬ್ಬನ್ನು ನಂಬಿತು. ಸೈಲೆನ್ಸರ್ ಕೊರೆಸಿ, ಕಣ್ಣು ಕುಕ್ಕುವ ಎಲ್‌ಇಡಿ ಹಾಕಿಸಿ ಓಡಾಡುವವರಲ್ಲಿ ಗಾಡಿಯ ಹುಚ್ಚಿನವರೇ ಹೆಚ್ಚು ಎಂಬುದನ್ನೂ ಹೇಳಲೇಬೇಕು. ತಮ್ಮ ಸುಖವನ್ನು ಕಸಿದ ಅಪನಂಬಿಕೆಯಲ್ಲಿ ಅವರದೂ ಪಾಲಿದೆ.

ಹೆದ್ದಾರಿಯಲ್ಲಾದರೂ ನೆಮ್ಮದಿ ಇದೆಯೇ? ಇದೇ ಪುಣೆ–ಬೆಂಗಳೂರು ಹೆದ್ದಾರಿ, ಅಂದರೆ ರಾಷ್ಟ್ರೀಯ ಹೆದ್ದಾರಿ 48, ಸುವರ್ಣ ಚತುಷ್ಪಥ ಯೋಜನೆಯಲ್ಲಿ ನಾಲ್ಕು ಪಥವಾದಾಗ ನಿಪ್ಪಾಣಿಯವರು ಕೊಲ್ಲಾಪುರಕ್ಕೆ ಚಹಾ ಕುಡಿಯಲು ಹೋಗಿ ಬರುವಷ್ಟು ದಾರಿ ಹಗುರಾಯಿತು. ಈಗ ಆರು ಪಥದ ಕಾಮಗಾರಿ, ಅದರ ತಿರುಗುದಾರಿಗಳು, ಬಲಪಥವನ್ನೇ ಹಿಡಿದು ಹೋಗುವ ಲಾರಿಗಳು, ಸರ್ವಿಸ್ ರಸ್ತೆ ಸಾಲದೆ ಎದುರಿನಿಂದಲೇ ಬರುವ ಬೈಕುಗಳು. ಮಳೆಗಾಲದಲ್ಲಿ ಯಮಗರ್ಣಿಯ ಹತ್ತಿರ ವೇದಗಂಗಾ ಉಕ್ಕಿ 2019ರಲ್ಲೂ 2021ರಲ್ಲೂ ಇದೇ ಹೆದ್ದಾರಿ ಮುಚ್ಚಿತ್ತು. ಪ್ರವಾಹವನ್ನಾದರೂ ಮೊದಲೇ ತಿಳಿಯಬಹುದು. ಎದುರು ಬರುವ ಬೈಕನ್ನು ತಿಳಿಯುವುದು ಹೇಗೆ? ಹೊಸ ಕಾರುಗಳಲ್ಲಿ ಪಥದ ಬಿಳಿ ಗೆರೆ ಓದಿ ಸ್ಟೀರಿಂಗ್ ಸರಿಪಡಿಸುವ, ತಾನೇ ಬ್ರೇಕ್ ಹಾಕುವ ವ್ಯವಸ್ಥೆಗಳಿವೆ. ಗೆರೆಯೇ ಅಳಿಸಿಹೋದ ರಸ್ತೆಯಲ್ಲಿ ಗೆರೆ ಓದುವ ಯಂತ್ರಕ್ಕೆ ಮಾಡಲು ಏನೂ ಇರುವುದಿಲ್ಲ.

ನೆದರ್ಲೆಂಡ್ಸ್ 1990ರ ದಶಕದಲ್ಲಿ ತನ್ನ ರಸ್ತೆ ಸುರಕ್ಷತೆಯ ನೀತಿಯನ್ನು ಮರುರೂಪಿಸಿದಾಗ ಒಂದು ತತ್ವಕ್ಕೆ ಮಹತ್ವ ಕೊಟ್ಟಿತು: ರಸ್ತೆಯನ್ನು ನೋಡಿದೊಡನೆ ಅದರಲ್ಲಿ ಯಾರು ಬರಬಹುದು, ಎಷ್ಟು ವೇಗ ಸಲ್ಲುತ್ತದೆ ಎಂದು ಯಾರಿಗಾದರೂ ತಿಳಿಯಬೇಕು. ಅದು ಜೀವ ಉಳಿಸಲು ಮಾಡಿದ ನೀತಿ. ಓಡಿಸುವುದನ್ನು ಪ್ರೀತಿಸುವವನು ಬಯಸುವುದೂ ಇಂಥ ರಸ್ತೆಯನ್ನೇ, ಸೈಕಲ್ಲಿನ ಹುಡುಗಿ ಬಯಸುವುದೂ ಇದನ್ನೇ. ಆದ್ದರಿಂದ ಕಾರುಪ್ರಿಯರ ಬೇಸರವನ್ನು ಉಳ್ಳವರ ಗೋಳು ಎಂದು ತಳ್ಳಿಹಾಕುವುದು ಸರಿಯಲ್ಲ. ಏರ್‌ಬ್ಯಾಗು, ಎಬಿಎಸ್ಸು, ವರ್ಷಗಳ ಅನುಭವ ಎಲ್ಲ ಇದ್ದವನೇ ಮುಸ್ಸಂಜೆಯ ಮೇಲೆ ರಾಯಬಾಗದ ದಾರಿಗೆ ಅಂಜುತ್ತಾನೆಂದರೆ, ಚಿಂಚಲಿಯ ಮಾಯಕ್ಕನ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೊರಟ ಕುಟುಂಬದ ಪಾಡು ಏನು?

ಇವರಿಬ್ಬರಿಗೂ ಒದಗುವ ಕೆಲಸವನ್ನು ಎಲ್ಲಿಂದ ಶುರು ಮಾಡಬಹುದು ಎಂಬುದು ಕಷ್ಟದ ಪ್ರಶ್ನೆಯಲ್ಲ. ಹಂಗಾಮಿನಲ್ಲಿ ಪೊಲೀಸರು ರಸ್ತೆಬದಿ ನಿಂತು ಟ್ರ್ಯಾಲಿಗಳಿಗೆ ಪ್ರತಿಫಲಕ ಪಟ್ಟಿ ಅಂಟಿಸುವುದುಂಟು. ಸಾವಿರಾರು ಗಾಡಿಗಳನ್ನು ರಸ್ತೆಯಲ್ಲಿ ಹಿಡಿದು ನಿಲ್ಲಿಸುವುದು ಆಗದ ಮಾತು. ಆದರೆ ಪ್ರತಿ ಟ್ರ್ಯಾಲಿಯೂ ತಾನಾಗಿ ಬಂದು ನಿಲ್ಲುವ ಒಂದು ಜಾಗವಿದೆ. ಅದು ಕಾರ್ಖಾನೆಯ ತೂಕದ ಕಾಟಾ. ತುಂಬಿದಾಗ ಒಮ್ಮೆ, ಖಾಲಿಯಾದಾಗ ಒಮ್ಮೆ ಅದರ ಮೇಲೆ ಹತ್ತಲೇಬೇಕು. ಖಾಲಿ ತೂಕದ ಹೊತ್ತಿನಲ್ಲಿ ಹಿಂದಿನ ದೀಪ, ಕೆಂಪು ಪಟ್ಟಿ ನೋಡಿ, ಇಲ್ಲದಿದ್ದರೆ ಅಲ್ಲೇ ಹಾಕಿ ಕಳಿಸಲು ಒಂದಿಬ್ಬರು ಆಳು ಸಾಕು. ಖರ್ಚನ್ನು ರೈತನ ಬಿಲ್ಲಿನಲ್ಲಿ ಮುರಿದುಕೊಳ್ಳದೆ ಕಾರ್ಖಾನೆಯೇ ಹೊರಬೇಕು. ಅದರ ಗಾಣಕ್ಕೆ ಬರುವ ಮಾಲಿಗಾಗಿಯೇ ಆ ಗಾಡಿ ರಸ್ತೆಗಿಳಿದಿದೆ. ಲೋಕೋಪಯೋಗಿ ಇಲಾಖೆ ಅದೇ ತಿಂಗಳು ಇದ್ದ ಉಬ್ಬುಗಳಿಗೆ ಅಳತೆ ಕೊಟ್ಟು ಬಣ್ಣ ಬಳಿದರೆ, ಊರೊಳಗೆ ಮೂವತ್ತಕ್ಕಿಂತ ಮೇಲೆ ಹೋಗದಿರುವ ಪಾಠವನ್ನು ಗಾಡಿಯ ಹುಚ್ಚಿನವರೇ ತಮ್ಮ ಜೊತೆಗಾರರಿಂದ ಆರಂಭಿಸಿದರೆ, ಮುಂದಿನ ದಿಬ್ಬ ಕೇಳಲು ಹಳ್ಳಿಗೂ ಕಾರಣ ಉಳಿಯುವುದಿಲ್ಲ. ಇದಾವುದಕ್ಕೂ ಹೊಸ ಕಾನೂನು ಬೇಡ. ಬಾಯ್ಲರ್ ಪೂಜೆಗೆ ಮುಂಚೆ, ಮಳೆ ನಿಂತ ಮೇಲಿನ ಬಿಡುವಿನಲ್ಲಿ, ತಹಶೀಲ್ದಾರರು, ಕಾರ್ಖಾನೆಯವರು, ಟ್ರ್ಯಾಕ್ಟರ್ ಮಾಲೀಕರು ಒಂದು ಮಧ್ಯಾಹ್ನ ಕೂತರೆ ಈ ಹಂಗಾಮಿನಲ್ಲೇ ಶುರು ಮಾಡಬಹುದು.