ಒಂದು ಟ್ರಯಲ್‌ಗೆ ಹತ್ತು ಬರಹ ಏಕೆ?

ಕ್ಯಾನ್ಸರ್ ಎಂದು ಗೊತ್ತಾದರೆ ಎಣ್ಣೂರಿನ ಕನ್ನಡಿಗರು ಹೊರಡುವುದು ಚೆನ್ನೈನ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆಗೆ. ಬೆಂಗಳೂರಿನಲ್ಲಿ ನೆಂಟರಿದ್ದರೆ ಅಲ್ಲಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ. ಹೊಸ ಚಿಕಿತ್ಸೆಯ ಕ್ಲಿನಿಕಲ್ ಟ್ರಯಲ್ ಕೂಡ ಎಷ್ಟೋ ಸಲ ಹಲವು ಊರಿನ ಆಸ್ಪತ್ರೆಗಳಲ್ಲಿ ಒಟ್ಟಿಗೆ ನಡೆಯುತ್ತದೆ. ಟ್ರಯಲ್‌ನ ನಿಯಮಾವಳಿ, ಅಂದರೆ ಪ್ರೋಟೋಕಾಲ್, ಒಂದೇ. ಆದರೆ ಯಾವ ದಿನ ಯಾವ ಔಷಧ, ಎಷ್ಟು ಮಿಲಿಗ್ರಾಂ, ಯಾವ ರಕ್ತಪರೀಕ್ಷೆ ನೋಡಿ ಡೋಸ್ ಇಳಿಸಬೇಕು ಎಂಬ ಚಿಕಿತ್ಸಾ ಯೋಜನೆಯನ್ನು ಸಾಮಾನ್ಯವಾಗಿ ಪ್ರತಿ ಆಸ್ಪತ್ರೆಯೂ ತಾನೇ ಓದಿ, ತನ್ನ ಕಂಪ್ಯೂಟರಿಗೆ ತಾನೇ ಬರೆದುಕೊಳ್ಳುತ್ತದೆ. ಆ ಬರಹವನ್ನು ಟ್ರಯಲ್ ನಡೆಸುವವರೇ ಒಮ್ಮೆ ಬರೆದು ಎಲ್ಲರಿಗೂ ಕೊಡಬೇಕು ಎಂಬುದು ನಮ್ಮ ವಾದ.

ಓದುವ ಗೊಂದಲ ಪ್ರಾಣಕ್ಕೆ ಬಂದದ್ದುಂಟು. 1994ರಲ್ಲಿ ಬಾಸ್ಟನ್ನಿನ ಡಾನಾ-ಫಾರ್ಬರ್ ಸಂಸ್ಥೆಯ ಟ್ರಯಲ್ ಒಂದರಲ್ಲಿ, ನಾಲ್ಕು ದಿನಕ್ಕೆ ಹಂಚಬೇಕಿದ್ದ ಸೈಕ್ಲೋಫಾಸ್ಫಮೈಡ್ ಎಂಬ ಔಷಧವನ್ನು ಒಂದು ದಿನದ ಪ್ರಮಾಣವೆಂದು ಓದಿ, ನಾಲ್ಕೂ ದಿನ ಅಷ್ಟಷ್ಟೇ ಕೊಟ್ಟರು. ಅದರಿಂದ ಆ ಟ್ರಯಲ್‌ನಲ್ಲಿ ರೋಗಿಯಾಗಿದ್ದ ಪತ್ರಕರ್ತೆ ಬೆಟ್ಸಿ ಲೇಮನ್ ತೀರಿಕೊಂಡರು. ಪ್ರಾಣ ಹೋಗದಿದ್ದರೂ ಟ್ರಯಲ್‌ನ ಫಲಿತಾಂಶ ಕೆಡುತ್ತದೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ವಿಕಿರಣದ ಜೊತೆ ಕೊಡುವ ಸಿಸ್‌ಪ್ಲಾಟಿನ್ ಔಷಧವನ್ನೇ ನೋಡಿ. ಮುಂಬಯಿಯ ಟಾಟಾ ಮೆಮೋರಿಯಲ್ 300 ರೋಗಿಗಳಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿತು: ಮೈಯ ಪ್ರತಿ ಚದರ ಮೀಟರಿಗೆ ವಾರಕ್ಕೆ 30 ಮಿಲಿಗ್ರಾಂ ಕೊಟ್ಟದ್ದು, ಮೂರು ವಾರಕ್ಕೊಮ್ಮೆ 100 ಕೊಟ್ಟಷ್ಟು ರೋಗವನ್ನು ಹಿಡಿದಿಡಲಿಲ್ಲ. ಜಪಾನಿನಲ್ಲಿ ಶಸ್ತ್ರಚಿಕಿತ್ಸೆಯ ನಂತರ ವಾರಕ್ಕೆ 40 ಕೊಟ್ಟಾಗ ಅದು ಮೂರು ವಾರಕ್ಕೊಮ್ಮೆ ಕೊಡುವ 100ಕ್ಕಿಂತ ಹಿಂದೆ ಬೀಳಲಿಲ್ಲ. ಹತ್ತು ಮಿಲಿಗ್ರಾಮೇ ಕಾರಣ ಎನ್ನಲಾಗದು, ರೋಗಿಗಳೂ ಬೇರೆ. ಆದರೆ ಯೋಜನೆಯ ಕಡತದಲ್ಲಿ ಬರೀ ‘ವಾರದ ಸಿಸ್‌ಪ್ಲಾಟಿನ್’ ಎಂದಿದ್ದರೆ ಈ ಪ್ರಶ್ನೆಯನ್ನು ಕೇಳುವುದಕ್ಕೂ ದಾರಿಯಿಲ್ಲ.

ಎಲ್ಲರಿಗೂ ಒಂದೇ ಬರಹ ಕೊಟ್ಟರೆ ವೈದ್ಯರ ಕೈ ಕಟ್ಟಿದಂತಲ್ಲವೇ ಎನ್ನುವವರಿದ್ದಾರೆ. ಅಲ್ಲ; ಮೂಲ ಯೋಜನೆ ಒಂದೇ ಆದಾಗಲೇ ರೋಗಿಗಾಗಿ ಬದಲಿಸಿದ್ದು ಎದ್ದು ಕಾಣುವುದು. ಖರ್ಚಿನ ತಕರಾರಂತೂ ಗಟ್ಟಿಯಲ್ಲ. ಯೋಜನೆಯನ್ನು ಎಲ್ಲರ ಕಂಪ್ಯೂಟರಿಗೂ ಒಂದೇ ಪದಗಳಲ್ಲಿ ಬರೆಯಲು ನೆರವಾಗುವ ಸ್ನೊಮೆಡ್ ಸಿಟಿ ಎಂಬ ವೈದ್ಯಕೀಯ ಪದಕೋಶ, ಭಾರತ 2014ರಲ್ಲಿ ಅದರ ಸಂಸ್ಥೆಯ ಸದಸ್ಯತ್ವ ಪಡೆದಂದಿನಿಂದ, ಇಲ್ಲಿ ಉಚಿತ. 2012ರಲ್ಲಿ ಆರಂಭವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಎಂಬ ಜಾಲ ಆಸ್ಪತ್ರೆಗಳನ್ನು ಆಗಲೇ ಜೋಡಿಸಿದೆ. ರೋಗಿಯ ಗುಟ್ಟಿನ ಭಯವೂ ಬೇಡ, ಯೋಜನೆಯಲ್ಲಿ ಯಾರ ಹೆಸರೂ ಇರುವುದಿಲ್ಲ. ನಿಜವಾದ ಅಳುಕು ಬೇರೆ: ಒಂದೇ ಬರಹ ತಪ್ಪಿದರೆ ಎಲ್ಲೆಡೆಯೂ ತಪ್ಪು. ಹಾಗಾಗಿ ಮೊದಲ ರೋಗಿಗೆ ಡ್ರಿಪ್ ಹಾಕುವ ಮುನ್ನ ಬೇರೊಂದು ಆಸ್ಪತ್ರೆಯ ಫಾರ್ಮಸಿಸ್ಟ್ ಮತ್ತು ನರ್ಸ್ ಅದನ್ನು ಸಾಲುಸಾಲಾಗಿ ನೋಡಲಿ. ಭಾರತದಲ್ಲಿ 2009ರಿಂದ ಟ್ರಯಲ್‌ಗಳ ನೋಂದಣಿ ಕಡ್ಡಾಯ. ಅದರೊಂದಿಗೆ ಈ ಕಡತವನ್ನೂ ಸರ್ಕಾರ ಕೇಳಲಿ. ಟ್ರಯಲ್ ಸೇರುವ ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುಂಚೆ ನೀವೂ ಕೇಳಿ: ಬೆಂಗಳೂರಿನ ಕಂಪ್ಯೂಟರಿನಲ್ಲೂ ಇದೇ ಯೋಜನೆ ಇದೆಯೇ?