ಊಟದಲ್ಲಿ ಉಳಿಸುವುದು ಬೇಡ

ಚಿತ್ತವಾಡ್ಗಿಯಂಥ ಕಬ್ಬು ಬೆಳೆಯುವ ಕಡೆಯಿಂದ ಮಗನೋ ಮಗಳೋ ಜರ್ಮನಿಗೆ ಓದಲು ಹೊರಟರೆ ಹಿರಿಯರು ಹೇಳುವ ಬುದ್ಧಿಮಾತು ಒಂದೇ: ಕೈ ಬಿಗಿ ಹಿಡಿದು ಖರ್ಚು ಮಾಡು. ಎಲ್ಲಿ ಬಿಗಿ ಹಿಡಿಯಬೇಕೆಂದು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಹೀಗಾಗಿ ಮಕ್ಕಳ ಕತ್ತರಿ ಮೊದಲು ಬೀಳುವುದು ಊಟದ ಮೇಲೆ. ಹೆಚ್ಚು ಹಣ ಸೋರುವುದು ಅಲ್ಲಲ್ಲ, ಅದು ವಿಮಾನ ಹತ್ತುವ ಮೊದಲೇ ಶುರುವಾಗಿರುತ್ತದೆ. 2024ರ ಸೆಪ್ಟೆಂಬರ್‌ನಿಂದ ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ, ತಿಂಗಳ ಕಂತಿನಲ್ಲಷ್ಟೇ ಹಣ ಬಿಡುವ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕು. ಅದರಿಂದ ತಿಂಗಳಿಗೆ 992 ಯೂರೋ ಕೈಗೆ ಬರುತ್ತದೆ. ಇಷ್ಟು ಹಣ ಕಳಿಸುವಾಗ ಬ್ಯಾಂಕು ಮಾರುಕಟ್ಟೆ ದರಕ್ಕಿಂತ ಯೂರೋಗೆ ಎರಡು ರೂಪಾಯಿ ಹೆಚ್ಚು ಹಿಡಿದರೆ ಒಂದೇ ಏಟಿಗೆ 23,808 ರೂಪಾಯಿ ಹೋಯಿತು. ಕಬ್ಬಿನ ಟನ್ನಿಗೆ ಐವತ್ತು ರೂಪಾಯಿ ಹೆಚ್ಚು ಕೊಡಿ ಎಂದು ರಸ್ತೆಗಿಳಿಯುವ ರೈತರು ಈ ಯೂರೋ ದರವನ್ನೂ ನಾಲ್ಕು ಬ್ಯಾಂಕುಗಳಲ್ಲಿ ಗಟ್ಟಿಯಾಗಿ ಕೇಳಬೇಕು.

ಎರಡನೆಯದು ಬಾಡಿಗೆ. ಅಲ್ಲಿ ಜಾಹೀರಾತಿನಲ್ಲಿ ಕಾಣುವ 'ಕಾಲ್ಟ್‌ಮೀಟೆ' ಬರೀ ಕೋಣೆಯ ಬಾಡಿಗೆ. ಚಳಿಗಾಲದ ಹೀಟಿಂಗ್, ನೀರು ಸೇರಿದ 'ವಾರ್ಮ್‌ಮೀಟೆ' ಎಷ್ಟೆಂದು ಕೇಳದೆ ಸಹಿ ಹಾಕಿದರೆ ತಿಂಗಳ ಲೆಕ್ಕವೇ ತಪ್ಪುತ್ತದೆ. ಅಡ್ವಾನ್ಸ್ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಹೆಚ್ಚಿರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟಲು ಕಾನೂನು ಬಿಡುತ್ತದೆ. ಇದು ಗೊತ್ತಿಲ್ಲದವರು ಊರಿಗೆ ಫೋನ್ ಮಾಡಿ ಸಾಲ ತರಿಸುತ್ತಾರೆ. ತಿಂಗಳಿಗೆ 18.36 ಯೂರೋ ರೇಡಿಯೋ-ಟಿವಿ ಪ್ರಸಾರ ಶುಲ್ಕ ಆಳಿಗಲ್ಲ, ಮನೆಗೆ. ಮೂವರು ಒಂದೇ ಮನೆಯಲ್ಲಿದ್ದರೆ ತಲೆಗೆ 6.12 ಯೂರೋ ಅಷ್ಟೇ.

ಪಾರ್ಟ್‌ಟೈಮ್ ದುಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಆದರೆ ವಿದ್ಯಾರ್ಥಿಗೆ ಇರುವ ಅನುಮತಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ಭಾಷೆ ಬಾರದವರಿಗೆ ಆ ಕೆಲಸವೂ ಬೇಗ ಸಿಗದು. ಬರಬಹುದಾದ ಸಂಬಳವನ್ನು ನಂಬಿ ಬಾಡಿಗೆ ಒಪ್ಪಿಕೊಳ್ಳುವುದು ಅಪಾಯ. ಹೊರದೇಶಕ್ಕೆ ಹೋಗುವವರು ಉಳ್ಳವರು, ಅವರಿಗೇಕೆ ಈ ಲೆಕ್ಕ ಎಂಬ ಆಕ್ಷೇಪವಂತೂ ಪೂರ್ತಿ ತಪ್ಪು. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತವೆ. ಅಪ್ಪ ಅಮ್ಮ ಕಟ್ಟಿದ ಮನೆಯ ಪತ್ರವೇ ಬ್ಯಾಂಕಿನಲ್ಲಿರುತ್ತದೆ.

ಬಾಡಿಗೆ ಉಳಿಸಲು ಊರಿನವರೇ ಸೇರಿ ಒಂದೇ ಮನೆ ಹಿಡಿದರೆ ಜರ್ಮನ್ ಕಲಿಯುವುದು ಯಾವಾಗ ಎಂಬ ಪ್ರಶ್ನೆಯಲ್ಲಿ ಹುರುಳಿದೆ. ಅದಕ್ಕೆ ಜೊತೆಗಾರರು ಬೇರೆ ದೇಶದವರಾಗಲಿ; ಹಂಚಿಕೊಳ್ಳಬೇಕಾದ್ದು ಒಲೆ ಮತ್ತು ಬಾಡಿಗೆ. ಹೊರಡುವ ಮೊದಲು ಮಗಳಷ್ಟೇ ಅಲ್ಲ, ಮಗನೂ ಅನ್ನ, ಬೇಳೆ, ಪಲ್ಯ ಮಾಡಲು ಕಲಿಯಲಿ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಟ್ಟಿಕೊಡಿ. ತುಪ್ಪ, ಪೇಢೆ ಬೇಡ, ಹಾಲಿನ ಪದಾರ್ಥಗಳನ್ನು ಯುರೋಪಿನ ಕಸ್ಟಮ್ಸ್ ಒಳಬಿಡುವುದಿಲ್ಲ. ಮಧ್ಯಾಹ್ನ ಕ್ಯಾಂಪಸ್ಸಿನ ಕ್ಯಾಂಟೀನಾದ ಮೆನ್ಸಾದಲ್ಲಿ ವಿದ್ಯಾರ್ಥಿಗಳಿಗೆ ಕಡಿಮೆ ದರದ ಊಟ ಸಿಗುತ್ತದೆ, ಹೊಟ್ಟೆ ತುಂಬ ತಿನ್ನಲಿ.