ದಲಾಲ ಲೋಹ ಮತ್ತು ವನಸ್ಪತಿ ಡಬ್ಬಿ



ಪೇಟೆಯ ದಲಾಲನ ಕೆಲಸ ನಮಗೆಲ್ಲ ಗೊತ್ತು. ಮಾಲು ಅವನದಲ್ಲ, ಹಣವೂ ಅವನದಲ್ಲ. ಕೊಡುವವನನ್ನೂ ಕೊಳ್ಳುವವನನ್ನೂ ಕೂಡಿಸಿ, ವ್ಯವಹಾರ ಕುದುರಿಸಿ, ಮುಂದಿನ ಗಿರಾಕಿಯ ಕಡೆ ನಡೆಯುತ್ತಾನೆ. ರಸಾಯನಶಾಸ್ತ್ರದಲ್ಲಿ ಇಂಥ ದಲಾಲನಿಗೆ ಕ್ರಿಯಾವರ್ಧಕ ಎಂದು ಹೆಸರು. ನಿಕಲ್, ಪ್ಲಾಟಿನಂ, ಪಲ್ಲೇಡಿಯಂ ಮುಂತಾದ ಸಂಕ್ರಮಣ ಲೋಹಗಳು ಈ ಕೆಲಸದಲ್ಲಿ ಬಲು ಚುರುಕು.

1897ರಲ್ಲಿ ಫ್ರಾನ್ಸಿನ ಪಾಲ್ ಸಬಾಟಿಯೇ ಅವರು ಸಹೋದ್ಯೋಗಿ ಸೆಂಡೆರೆನ್ಸ್ ಅವರೊಡನೆ ಎಥಿಲೀನ್ ಮತ್ತು ಜಲಜನಕವನ್ನು ನಿಕಲ್ ಪುಡಿಯ ಮೇಲೆ ಹಾಯಿಸಿದರು. ಎರಡೂ ಕೂಡಿ ಈಥೇನ್ ಆಯಿತು. ನಿಕಲ್ ಖರ್ಚಾಗಲಿಲ್ಲ. ಇದಕ್ಕಾಗಿ ಸಬಾಟಿಯೇ ಅವರಿಗೆ 1912ರಲ್ಲಿ ನೊಬೆಲ್ ಬಹುಮಾನ ಬಂತು.

1902ರಲ್ಲಿ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ ಇದೇ ಉಪಾಯವನ್ನು ಎಣ್ಣೆಗೆ ಅನ್ವಯಿಸಿ ಪೇಟೆಂಟ್ ಪಡೆದರು. ಎಣ್ಣೆಯ ಕಣದಲ್ಲಿ ಇಂಗಾಲ, ಜಲಜನಕಗಳ ಉದ್ದ ಸರಪಳಿಗಳಿವೆ. ಎರಡು ಇಂಗಾಲಗಳು ಜೋಡಿ ಕೊಂಡಿಯಿಂದ ಕೂಡಿದಲ್ಲಿ ಸರಪಳಿ ಬಾಗಿರುತ್ತದೆ. ಬಾಗಿದ ಸರಪಳಿಗಳು ಒತ್ತಾಗಿ ಕೂರುವುದಿಲ್ಲ, ಆದ್ದರಿಂದ ಎಣ್ಣೆ ತೆಳ್ಳಗೆ. ನಿಕಲ್ ಅಲ್ಲಿಗೆ ಜಲಜನಕ ತಂದು ಸೇರಿಸಿದರೆ ಬಾಗು ಹೋಗುತ್ತದೆ, ಎಣ್ಣೆ ಹೆಪ್ಪುಗಟ್ಟುತ್ತದೆ. ಅದೇ ವನಸ್ಪತಿ. ನಮ್ಮ ದೇಶದಲ್ಲಿ 1937ರಿಂದ ಡಾಲ್ಡಾ ಎಂಬ ಹೆಸರಿನಲ್ಲಿ ಅದು ಮನೆಮನೆಗೆ ಬಂತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಈ ದಲಾಲ ಹೇಳದ ವ್ಯವಹಾರವನ್ನೂ ಮಾಡುತ್ತಾನೆ. ಕೆಲವು ಕೊಂಡಿಗಳಿಗೆ ಒಂದು ಜಲಜನಕ ಕೊಟ್ಟು, ಎರಡನೆಯದು ಸೇರುವ ಮೊದಲೇ ಒಂದನ್ನು ಹಿಂತೆಗೆದುಬಿಡುತ್ತಾನೆ. ಅಷ್ಟರಲ್ಲಿ ಸರಪಳಿ ತಿರುಗಿರುತ್ತದೆ. ಜೋಡಿ ಕೊಂಡಿ ಉಳಿಯಿತು, ಬಾಗು ಮಾತ್ರ ಹೋಯಿತು. ಇದೇ ಟ್ರಾನ್ಸ್ ಕೊಬ್ಬು. ನೋಡಲು, ಕರಿಯಲು ವ್ಯತ್ಯಾಸವೇ ತಿಳಿಯದು.

ಇದರ ಲೆಕ್ಕ ಹೊರಬೀಳಲು ಬಹಳ ಕಾಲ ಹಿಡಿಯಿತು. 1990ರಲ್ಲಿ ನೆದರ್‌ಲ್ಯಾಂಡ್ಸ್‌ನ ಮೆನ್ಸಿಂಕ್ ಮತ್ತು ಕಟಾನ್ ಅವರು, ಈ ಕೊಬ್ಬು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಏರಿಸಿ ಒಳ್ಳೆಯದನ್ನು ಇಳಿಸುತ್ತದೆಂದು ತೋರಿಸಿದರು. ಹೃದಯಕ್ಕೆ ಎರಡೂ ಕಡೆಯಿಂದ ನಷ್ಟ. ನಮ್ಮ ದೇಶದಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಇದರ ಮಿತಿಯನ್ನು 2021ರಲ್ಲಿ ಶೇ. 3ಕ್ಕೆ, 2022ರ ಜನವರಿಯಿಂದ ಶೇ. 2ಕ್ಕೆ ಇಳಿಸಲಾಗಿದೆ.

ಹಾದಿ ಇಲ್ಲವೆಂದಲ್ಲ. ಜಲಜನಕವನ್ನು ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ತುಂಬಿದರೆ ಜೋಡಿ ಕೊಂಡಿಯೇ ಉಳಿಯದು, ಟ್ರಾನ್ಸ್ ಕೊಬ್ಬೂ ಉಳಿಯದು. ಆ ಗಟ್ಟಿ ಕೊಬ್ಬನ್ನು ತೆಳು ಎಣ್ಣೆಯೊಡನೆ ಬೆರೆಸಿ ಹದ ಮಾಡುತ್ತಾರೆ. ಆದರೂ ಅದು ಕೊಬ್ಬೇ, ಮಿತವಾಗಿರಲಿ.

ರಸಾಯನಜ್ಞರು ಇಂದು ಹುಡುಕುತ್ತಿರುವುದು ಬರೀ ಚುರುಕಾದ ಲೋಹವನ್ನಲ್ಲ. ಹತ್ತು ಕೊಂಡಿಗಳಿರುವಲ್ಲಿ ಹೇಳಿದ ಒಂದನ್ನೇ ಮುಟ್ಟಿ ಉಳಿದ ಒಂಬತ್ತನ್ನು ಬಿಡುವ ಲೋಹ ಅವರಿಗೆ ಬೇಕು. ದಲಾಲನ ಬೆಲೆ ಅವನ ವೇಗದಲ್ಲಿಲ್ಲ, ಹೇಳಿದ್ದನ್ನಷ್ಟೇ ಮಾಡುವುದರಲ್ಲಿದೆ.

ಮನೆಯವರಿಗೆ ಒಂದು ಮಾತು: ಬಿಸ್ಕತ್ತು, ಖಾರಿ, ವನಸ್ಪತಿ ಕೊಳ್ಳುವಾಗ ಪೊಟ್ಟಣ ತಿರುಗಿಸಿ ಟ್ರಾನ್ಸ್ ಫ್ಯಾಟ್ ಎಂಬ ಸಾಲನ್ನು ಓದಿರಿ. ಅಂಗಡಿಯವರಿಗೂ ಅದೇ ಮಾತು: ಗಿರಾಕಿ ಕೇಳುವ ಮೊದಲು ನೀವೇ ಓದಿರಿ.